ಹುಟ್ಟಿದಾಗಲೇ ಹಣೆಯ ಕೂದಲು ಹಿಂದೆ ಸರಿದಿದ್ದರೆ ಮಗ ಮುಂದೆ ಬೋಳಾಗುತ್ತಾನಾ?

ಪುಟ್ಟನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಮೂರು ತಿಂಗಳು. ಹುಟ್ಟಿದಾಗ ಅವನ ಹಣೆಯ ಎರಡೂ ಪಕ್ಕ ಕೂದಲು ಹಿಂದಕ್ಕೆ ಸರಿದಿತ್ತು. ನಡುವೆ ಮಾತ್ರ ಒಂದು ಕುಚ್ಚಿನ ಹಾಗೆ ಮುಂದೆ ಚಾಚಿಕೊಂಡಿತ್ತು. ನೋಡಿದ ಕೂಡಲೇ ನಮ್ಮತ್ತೆ, "ಅಪ್ಪನ ತಲೆಯೇ ಬಂದಿದೆ" ಅಂದರು. ನಮ್ಮವರಿಗೆ 28ಕ್ಕೇ ಮುಂದಲೆ ಖಾಲಿಯಾಗಿತ್ತು. ಮಾವನವರಿಗೂ ಹಾಗೇ.

ಆಗ ನಾನು ಸುಮ್ಮನಾಗಿದ್ದೆ. ಈಗ ಹದಿನೈದು ದಿನದಿಂದ ಮಗುವಿನ ಹಿಂದಲೆಯಲ್ಲೂ ಉದುರುತ್ತಿದೆ. ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಿನವರೆಗೆ ಎರಡು ಬೆರಳಗಲದ ಪಟ್ಟಿ ನುಣ್ಣಗಾಗಿದೆ. ಅದರ ಮೇಲೆ ಕೂದಲಿದೆ, ಕೆಳಗೆ ಕತ್ತಿನ ಹತ್ತಿರವೂ ಇದೆ, ನಡುವೆ ಮಾತ್ರ ಇಲ್ಲ. ಬೆಳಿಗ್ಗೆ ಎತ್ತಿಕೊಂಡಾಗ ಅವನು ತಲೆಯಿಟ್ಟ ಜಾಗದಲ್ಲಿ ರೇಷ್ಮೆ ಎಳೆಯಂಥ ಕೂದಲು ಬಟ್ಟೆಗೆ ಅಂಟಿಕೊಂಡಿರುತ್ತದೆ.

ನನಗೆ ಜಾಸ್ತಿ ಸಂಕಟ ಆಗಿದ್ದು ನಮ್ಮವರನ್ನು ನೋಡಿ. ನಿನ್ನೆ ರಾತ್ರಿ ಮಗುವನ್ನು ಎದೆ ಮೇಲೆ ಮಲಗಿಸಿಕೊಂಡು ಆ ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದರು. "ಇದನ್ನೂ ನಾನೇ ಕೊಟ್ಟೆ ನೋಡು" ಅಂದರು. ಕಾಲೇಜಿನಲ್ಲಿ ಟೋಪಿ ಇಲ್ಲದೆ ಹೊರಗೆ ಹೋಗುತ್ತಿರಲಿಲ್ಲವಂತೆ. ಮದುವೆಯಾಗಿ ಆರು ವರ್ಷದಲ್ಲಿ ಈ ಮಾತು ನನಗೆ ಹೇಳಿದ್ದು ಇದೇ ಮೊದಲು.

ಕೂಸಿನ ತಲೆ ನೋಡಿ ದೊಡ್ಡವನಾದ ಮೇಲೆ ಬೋಳಾಗುತ್ತಾನೋ ಇಲ್ಲವೋ ಹೇಳಬಹುದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಇಬ್ಬರು ಹೆಣ್ಮಕ್ಕಳ ತಾಯಿ

ಹೇಳೋಕಾಗಲ್ಲ. ನನ್ನ ದೊಡ್ಡವಳಿಗೆ ಇದೇ ಪಟ್ಟಿ ಇತ್ತು, ಈಗ ಜಡೆ ಸೊಂಟ ಮುಟ್ಟುತ್ತದೆ. ನಿಶ್ಚಿಂತೆಯಿಂದಿರಿ.

ಅವಳಿ ಅಪ್ಪ

ನಮ್ಮ ಅವಳಿಗಳಲ್ಲಿ ಒಬ್ಬನಿಗೆ ಹುಟ್ಟುವಾಗ ಕಿವಿ ಮುಚ್ಚುವಷ್ಟು ಕೂದಲು, ಇನ್ನೊಬ್ಬನಿಗೆ ಬರೀ ನವಿರು. ಇಬ್ಬರೂ ಒಂದೇ ಥರ ಇಲ್ಲದ ಅವಳಿಗಳು. ನಾಲ್ಕನೇ ತಿಂಗಳಿಗೆ ಕೂದಲಿದ್ದವನದು ಉದುರಿ ಇಬ್ಬರೂ ಸಮ ಆದರು. ಮೂರು ವರ್ಷಕ್ಕೆ ಯಾರು ಯಾರೆಂದು ಕೂದಲಿನಿಂದ ಗುರುತಿಸಲು ಆಗುತ್ತಿರಲಿಲ್ಲ.

ಗುಂಗುರು

ಒಂದೇ ಮಗ್ಗುಲಲ್ಲಿ ಮಲಗಿಸಿದರೆ ತಲೆ ಉಜ್ಜಿ ಉಜ್ಜಿ ಹಾಗಾಗುತ್ತದೆ. ದಿನಾ ಸ್ವಲ್ಪ ಹೊತ್ತು ಬೋರಲು ಮಲಗಿಸಿ, ರಾತ್ರಿ ಕೂಡ. ಹಿಂದಲೆಗೆ ಬಿಡುವು ಸಿಗುತ್ತದೆ.

ವಾರ್ಡ್ ಸಿಸ್ಟರ್

ಗುಂಗುರು ಅವರೇ, ರಾತ್ರಿ ಬೋರಲು ಮಲಗಿಸಿ ಅನ್ನೋ ಮಾತನ್ನು ದಯವಿಟ್ಟು ವಾಪಸ್ ತಗೊಳ್ಳಿ. ನಾನು ಹದಿನಾಲ್ಕು ವರ್ಷದಿಂದ ಹಸುಗೂಸುಗಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಿದ್ದೆಯಲ್ಲಿ ಕೂಸು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಿ ಸಾಯುವ ಅಪಾಯ ಬೋರಲು ಮಲಗಿಸಿದಾಗ ಹೆಚ್ಚು. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾಯಿತು. ಆಮೇಲೆ ಇಂಥ ಸಾವು ಬಹಳ ಕಡಿಮೆಯಾಯಿತು. ಕೂದಲಿಗೋಸ್ಕರ ಈ ಒಂದು ನಿಯಮ ಮುರಿಯಬೇಡಿ. ಎಚ್ಚರವಿದ್ದಾಗ, ಕಣ್ಣೆದುರಿಗೇ ಬೋರಲು ಹಾಕಿ ಆಡಿಸುವುದು ಬೇರೆ. ಅದು ಕತ್ತಿಗೂ ಭುಜಕ್ಕೂ ಒಳ್ಳೆಯದು, ತಲೆ ಚಪ್ಪಟೆಯಾಗುವುದೂ ತಪ್ಪುತ್ತದೆ.

ಪುಟ್ಟನ ಅಮ್ಮ ಅವರೇ, ನಿಮ್ಮ ಮಗುವಿಗೆ ಆಗಿರುವುದನ್ನು ನಾನು ದಿನಾ ನೋಡುತ್ತೇನೆ. ಇದಕ್ಕೆ ಕಾರಣ ಹೊಟ್ಟೆಯೊಳಗೇ ಶುರುವಾಗಿರುತ್ತದೆ.

ಕೂದಲು ಒಂದೇ ಸಮ ಬೆಳೆಯುತ್ತಾ ಇರಲ್ಲ. ಬೆಳೆಯುತ್ತದೆ, ನಿಲ್ಲುತ್ತದೆ, ಸುಮಾರು ಮೂರು ತಿಂಗಳು ಸುಮ್ನೆ ಇರುತ್ತದೆ, ಆಮೇಲೆ ಉದುರಿ ಅದೇ ಬುಡದಿಂದ ಹೊಸದು ಬರುತ್ತದೆ. ದೊಡ್ಡವರ ತಲೆಯಲ್ಲಿ ಒಂದೊಂದು ಬುಡವೂ ಒಂದೊಂದು ಹಂತದಲ್ಲಿರುತ್ತದೆ. ಅದಕ್ಕೇ ದಿನಕ್ಕೆ 50ರಿಂದ 100 ಕೂದಲು ಉದುರಿದರೂ ತಲೆ ಬೋಳಾಗುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಹಾಗಲ್ಲ. ಒಂದು ಭಾಗದ ಕೂದಲೆಲ್ಲ ಒಟ್ಟಿಗೇ ಬೆಳೆದು ಒಟ್ಟಿಗೇ ನಿಲ್ಲುತ್ತದೆ. ಮುಂದಲೆಯ ಸರದಿ ಮೊದಲು. ಅಲ್ಲಿಯ ಕೂದಲು ಹುಟ್ಟುವ ಮೊದಲೇ, ಬಸುರಿನ ಕೊನೆಯ ತಿಂಗಳುಗಳಲ್ಲಿ ಉದುರಿ ಹೊಸದು ಬರುವುದಕ್ಕೆ ಶುರುವಾಗಿರುತ್ತದೆ. ಹಿಂದಲೆಯ ಕೂದಲು ಮಾತ್ರ ಹೆರಿಗೆಯವರೆಗೂ ಬೆಳೆಯುತ್ತಲೇ ಇರುತ್ತದೆ. ಹುಟ್ಟುವ ಹೊತ್ತಿಗೆ ನಿಲ್ಲುತ್ತದೆ. ಅಲ್ಲಿಂದ ಎರಡು ಮೂರು ತಿಂಗಳು ಎಣಿಸಿ. ನಿಮ್ಮ ಮಗುವಿಗೆ ಈಗ ಮೂರು ತಿಂಗಳು ಅಲ್ವಾ? ಲೆಕ್ಕ ಸರಿ ಹೋಯಿತು.

ಹುಟ್ಟಿದಾಗ ಹಣೆಯ ಪಕ್ಕ ಖಾಲಿ ಕಂಡಿದ್ದಕ್ಕೂ ಇದೇ ಕಾರಣ. ಅಲ್ಲಿ ಹಳೇದು ಹೋಗಿತ್ತು, ಹೊಸದು ಇನ್ನೂ ಕಣ್ಣಿಗೆ ಕಾಣುವಷ್ಟು ಬಂದಿರಲಿಲ್ಲ. ಅವರಪ್ಪನ ಹಣೆಗೂ ಇದಕ್ಕೂ ಸಂಬಂಧ ಇಲ್ಲ.

ಗುಂಗುರು

ವಾಪಸ್ ತಗೊಂಡೆ ಸಿಸ್ಟರ್, ತಪ್ಪು ಮಾತು. ಆದರೆ ಉಜ್ಜುವುದರಿಂದ ಏನೂ ಇಲ್ಲ ಅಂತೀರಾ? ಹಾಸಿಗೆಗೆ ತಾಗುವ ಜಾಗದಲ್ಲೇ ಯಾಕೆ ಹೋಗುತ್ತದೆ ಹಾಗಾದರೆ?

ವಾರ್ಡ್ ಸಿಸ್ಟರ್

ಉಜ್ಜಿದ್ದರಿಂದ ಸ್ವಲ್ಪ ಬೇಗ ಕೀಳಬಹುದು. ಉದುರಬೇಕಾದ ಕೂದಲು ಸಡಿಲವಾಗಿರುತ್ತದೆ, ತಾಗಿದರೆ ಬರುತ್ತದೆ. ಉಜ್ಜದೇ ಇದ್ದರೂ ಅದು ಬೀಳುವುದೇ. ಹಿಂದಲೆಯ ಸರದಿ ಕೊನೆಯದು, ಕೂಸು ಒರಗುವುದೂ ಅದೇ ಜಾಗಕ್ಕೆ. ಎರಡೂ ಒಂದೇ ಕಡೆ ಬಂದಿದ್ದರಿಂದ ಹಾಸಿಗೆ ಮೇಲೆ ಅಪವಾದ.

ಸೋದರಮಾವ

ಇಲ್ಲಿ ಎಲ್ಲರೂ ಅಪ್ಪನ ತಲೆ ಅಪ್ಪನ ತಲೆ ಅಂತಿದ್ದೀರಿ. ಬೋಳು ಬರುವುದು ತಾಯಿಯ ಕಡೆಯಿಂದ. ಹುಡುಗನ ತಾಯಿಯ ತಂದೆಯ ತಲೆ ನೋಡಿ, ಉತ್ತರ ಅಲ್ಲೇ ಇದೆ. ಇದು ವಿಜ್ಞಾನ.

ಪುಟ್ಟನ ಅಮ್ಮ

ನಮ್ಮಪ್ಪನಿಗೆ 64. ಒಂದು ಕೂದಲೂ ಉದುರಿಲ್ಲ, ಬೆಳ್ಳಗಾಗಿದೆ ಅಷ್ಟೇ. ಹಾಗಾದರೆ ನೆಮ್ಮದಿಯಾಗಿ ಇರಬಹುದಾ?

ಸೋದರಮಾವ

ಖಂಡಿತ ಇರಿ.

ಜೀವಶಾಸ್ತ್ರ ಮೇಷ್ಟ್ರು

ಖಂಡಿತ ಅನ್ನುವ ಮಾತು ಇಲ್ಲಿ ಸಲ್ಲದು ಸ್ವಾಮಿ. ನೀವು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ಸರಿಯಾಗಿ ಹೇಳುತ್ತೇನೆ.

ಗಂಡು ಹಾರ್ಮೋನು ಬಂದು ಕೂರುವುದಕ್ಕೆ ಜೀವಕೋಶದಲ್ಲಿ ಒಂದು ಗ್ರಾಹಕ ಇರುತ್ತದೆ. ಅದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡು ಮಗುವಿಗೆ ಎಕ್ಸ್ ಸಿಗುವುದು ತಾಯಿಯಿಂದ ಮಾತ್ರ. ಬೋಳಿನ ವಿಷಯದಲ್ಲಿ ಈ ಜೀನ್ ದೊಡ್ಡದು, ಒಪ್ಪೋಣ. ಆದರೆ ತಾಯಿಗೆ ಎರಡು ಎಕ್ಸ್ ಇರುತ್ತವೆ, ಒಂದು ಅವಳ ಅಪ್ಪನದು, ಇನ್ನೊಂದು ಅವಳ ಅಮ್ಮನದು. ಮಗನಿಗೆ ಯಾವುದು ಬಂತು, ಅಥವಾ ಎರಡೂ ಬೆರೆತು ಬಂತಾ, ಅಜ್ಜನ ತಲೆ ನೋಡಿ ಹೇಗೆ ಹೇಳುತ್ತೀರಿ?

ಇನ್ನೊಂದು ವಿಷಯ. 2017ರಲ್ಲಿ ಬ್ರಿಟನ್ನಿನ 52 ಸಾವಿರಕ್ಕೂ ಹೆಚ್ಚು ಗಂಡಸರ ಜೀನ್ ಮಾಹಿತಿ ಇಟ್ಟುಕೊಂಡು ಹುಡುಕಿದರು. ಬೋಳಿಗೆ ಸಂಬಂಧಪಟ್ಟ 287 ಜಾಗ ಸಿಕ್ಕವು. ಅವುಗಳಲ್ಲಿ ಎಕ್ಸ್ ಮೇಲಿದ್ದದ್ದು 40. ಉಳಿದವೆಲ್ಲ ಅಪ್ಪನಿಂದಲೂ ಬರಬಹುದು, ಅಮ್ಮನಿಂದಲೂ ಬರಬಹುದು. ಅಷ್ಟೆಲ್ಲ ಜೀನ್ ಕೈಯಲ್ಲಿಟ್ಟುಕೊಂಡೂ, ಇಂಥ ಒಬ್ಬ ಮನುಷ್ಯ ಬೋಳಾಗುತ್ತಾನೆ ಎಂದು ಖಚಿತವಾಗಿ ಹೇಳುವುದು ಅವರಿಗೆ ಆಗಲಿಲ್ಲ. ಮೂರು ತಿಂಗಳ ಕೂಸಿನ ಹಣೆ ನೋಡಿ ನಾವು ಹೇಳುವುದು ಎಷ್ಟು ಸರಿ?

ಸೋದರಮಾವ

ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ, ಬೋಳು. ನಾನು ಬೋಳು. ನನ್ನ ತಮ್ಮ ಬೋಳು. ಇದಕ್ಕೆ ಏನಂತೀರಿ?

ಜೀವಶಾಸ್ತ್ರ ಮೇಷ್ಟ್ರು

ನಿಮ್ಮ ತಂದೆಯವರಿಗೆ?

ಸೋದರಮಾವ

ಅವರಿಗೂ ಕೂದಲು ಕಡಿಮೆಯೇ.

ಜೀವಶಾಸ್ತ್ರ ಮೇಷ್ಟ್ರು

ಹಾಗಾದರೆ ಅಮ್ಮನ ಕಡೆಯೊಂದಕ್ಕೇ ಯಾಕೆ ಹೊರಿಸುತ್ತೀರಿ? ಎರಡೂ ಕಡೆ ಇದೆ. 50 ವಯಸ್ಸಿನ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಿಗೆ ಸ್ವಲ್ಪವಾದರೂ ಕೂದಲು ಹೋಗಿರುತ್ತದೆ. ಯಾವ ಮನೆಯಲ್ಲಿ ಹುಡುಕಿದರೂ ಒಬ್ಬ ಅಜ್ಜನೋ ಮಾವನೋ ಸಿಕ್ಕೇ ಸಿಗುತ್ತಾನೆ. ಸಿಕ್ಕವನನ್ನು ಕಾರಣ ಅಂದುಕೊಳ್ಳುತ್ತೇವೆ.

ಮುಂದಲೆ_26

ನನ್ನ ಕತೆ ಕೇಳಿ. ನಾನು ಹುಟ್ಟಿದಾಗ ಹುಬ್ಬಿನವರೆಗೆ ಕೂದಲು. ಫೋಟೋದಲ್ಲಿ ಹಣೆಯೇ ಕಾಣುವುದಿಲ್ಲ. ಅಣ್ಣನಿಗೆ ಎರಡು ವರ್ಷವಾದರೂ ಸರಿಯಾಗಿ ಕೂದಲು ಬಂದಿರಲಿಲ್ಲ, ಅಮ್ಮ ಬಹಳ ಚಿಂತೆ ಮಾಡಿದ್ದರಂತೆ. ಈಗ ಅಣ್ಣನಿಗೆ 47, ಬಾಚಣಿಗೆ ಸಿಕ್ಕಿಹಾಕಿಕೊಳ್ಳುವಷ್ಟು ದಟ್ಟ. ನನಗೆ 26ಕ್ಕೆ ಹೋಗಲು ಶುರುವಾಗಿ 33ಕ್ಕೆ ಮುಗಿಯಿತು. ಒಂದೇ ತಾಯಿ ತಂದೆ.

ಪುಟ್ಟನ ಅಮ್ಮ ಅವರೇ, ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ. ಆ ಟೋಪಿ ನಾನೂ ಹಾಕಿಕೊಂಡಿದ್ದೆ. ಮದುವೆಮನೆಯಲ್ಲೂ ತೆಗೆದಿರಲಿಲ್ಲ. ಅಪ್ಪ ಆದ ಮೇಲೆ ಮಗಳು ಒಂದು ದಿನ ಟೋಪಿ ಕಿತ್ತು ಬಿಸಾಕಿ ತಲೆಗೆ ಕೆನ್ನೆ ಇಟ್ಟು ಮಲಗಿದಳು. ಅವತ್ತಿನಿಂದ ಹಾಕಿಲ್ಲ. ಅವರ ಮಗುವಿಗೆ ಗೊತ್ತಿರುವುದು ಅವರ ಎದೆ, ಅವರ ದನಿ.

ಫಾರ್ಮಸಿಸ್ಟ್ ಅಕ್ಕ

ಪುಟ್ಟನ ಅಮ್ಮ, ಎದೆ ಮೇಲೆ ಮಲಗಿಸಿಕೊಳ್ಳುತ್ತಾರೆ ಅಂದಿರಲ್ಲ, ಒಂದು ಮುಖ್ಯವಾದ ಪ್ರಶ್ನೆ. ನಿಮ್ಮವರು ಕೂದಲು ಬೆಳೆಯಲೆಂದು ತಲೆಗೆ ಮಿನಾಕ್ಸಿಡಿಲ್ ಅನ್ನೋ ಔಷಧ ಹಚ್ಚುತ್ತಾರಾ?

ಪುಟ್ಟನ ಅಮ್ಮ

ಹೌದು, ಮೂರು ವರ್ಷದಿಂದ. ರಾತ್ರಿ ಊಟ ಆದ ಮೇಲೆ ಹಚ್ಚಿಕೊಳ್ಳುತ್ತಾರೆ. ಯಾಕೆ?

ಫಾರ್ಮಸಿಸ್ಟ್ ಅಕ್ಕ

ಹಚ್ಚಿದ ಜಾಗ ಮಗುವಿನ ಮೈಗೆ ತಾಗಬಾರದು. ಯುರೋಪಿನಲ್ಲಿ ಹೀಗೆ ತಂದೆ ಹಚ್ಚಿಕೊಳ್ಳುತ್ತಿದ್ದ ಮಿನಾಕ್ಸಿಡಿಲ್ ತಾಗಿ ಕೂಸುಗಳ ಮೈತುಂಬ ಕೂದಲು ಬೆಳೆದ ಪ್ರಕರಣಗಳು ಬಂದವು. ಮಕ್ಕಳು ತಂದೆಯ ತಲೆ ಮುಟ್ಟುತ್ತಾರೆ, ಕೈ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದಕ್ಕೇ 2024ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಸೇರಿಸಲು ಹೇಳಿತು. ಸಂಪರ್ಕ ತಪ್ಪಿಸಿದ ಮೇಲೆ ಕೆಲವು ತಿಂಗಳಲ್ಲಿ ಆ ಕೂದಲು ಹೋಯಿತು. ಆದರೂ ಇದು ರಕ್ತದೊತ್ತಡ ಇಳಿಸುವುದಕ್ಕೆಂದು ಬಂದ ಔಷಧ, ಕೂಸಿನ ಮೈಯೊಳಗೆ ಹೋಗುವುದು ಬೇಡವೇ ಬೇಡ.

ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಹಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ಪೂರ್ತಿ ಒಣಗುವವರೆಗೆ ಮಗುವನ್ನು ಎತ್ತಿಕೊಳ್ಳಬಾರದು. ಒಣಗಿದ ಮೇಲೂ ಮಗುವಿನ ಕೈಯೋ ಬಾಯೋ ಆ ಜಾಗಕ್ಕೆ ತಾಗದಂತೆ ನೋಡಿಕೊಳ್ಳಲಿ. ಅವರ ದಿಂಬಿನ ಮೇಲೆ ಮಗುವನ್ನು ಮಲಗಿಸಬೇಡಿ. ಮಗುವಿನ ಬೆನ್ನು, ತೋಳು, ಹಣೆಯಲ್ಲಿ ಹೊಸದಾಗಿ ಕೂದಲು ಕಂಡರೆ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಈ ಔಷಧ ಬಳಸುತ್ತಾರೆ ಎಂದೂ ಹೇಳಿ. ಇನ್ನು ಯಾರಾದರೂ ಇದನ್ನೇ ಕೂಸಿನ ತಲೆಗೆ ಹಚ್ಚಿ ಅಂದರೆ ದಯವಿಟ್ಟು ಕೇಳಬೇಡಿ.

ಪುಟ್ಟನ ಅಮ್ಮ

ಅಯ್ಯೋ, ಇದು ನಮಗೆ ಗೊತ್ತೇ ಇರಲಿಲ್ಲ. ಬೆನ್ನ ಮೇಲೆ ನವಿರು ಇದೆ, ಆದರೆ ಅದು ಹುಟ್ಟಿದಾಗಿನಿಂದ ಇದ್ದದ್ದು. ಜಾಸ್ತಿಯಾಗಿಲ್ಲ. ಇವತ್ತೇ ಹೇಳುತ್ತೇನೆ.

ವಾರ್ಡ್ ಸಿಸ್ಟರ್

ಹುಟ್ಟಿದಾಗಿನ ನವಿರಾದರೆ ಚಿಂತೆ ಇಲ್ಲ. ಹೊಟ್ಟೆಯಲ್ಲಿದ್ದಾಗ ಮಗುವಿನ ಮೈತುಂಬ ಅದೇ ಇರುತ್ತದೆ, ಹುಟ್ಟುವ ಮುಂಚೆ ಹೆಚ್ಚಿನದು ಉದುರುತ್ತದೆ. ಬೇಗ ಹುಟ್ಟಿದ ಮಕ್ಕಳ ಭುಜ, ಬೆನ್ನಿನಲ್ಲಿ ಜಾಸ್ತಿ ಕಾಣುತ್ತದೆ. ತಾನಾಗಿಯೇ ಹೋಗುತ್ತದೆ.

ಮೊಮ್ಮಕ್ಕಳ ಅಜ್ಜಿ

ಒಂದು ಸಲ ತಲೆ ನುಣ್ಣಗೆ ಬೋಳಿಸಿಬಿಡಮ್ಮ. ಹುಟ್ಟುಕೂದಲು ಹೋದರೆ ಬರುವುದು ದಟ್ಟವಾಗಿ ಬರುತ್ತದೆ. ನಾಲ್ಕು ಮಕ್ಕಳಿಗೆ ಮಾಡಿದ್ದೇನೆ, ನಾಲ್ವರಿಗೂ ಒಳ್ಳೇ ಕೂದಲು.

ಕತ್ತರಿ ಬಾಚಣಿಗೆ

ಅಜ್ಜಿ, ನಾನು 22 ವರ್ಷದಿಂದ ಕ್ಷೌರ ಮಾಡುತ್ತಿದ್ದೇನೆ. ಬೋಳಿಸಿದರೆ ದಟ್ಟವಾಗುವುದಾಗಿದ್ದರೆ ನನ್ನ ಹತ್ತಿರ ಬೋಳು ತಲೆಯವರು ಯಾರೂ ಉಳಿಯುತ್ತಿರಲಿಲ್ಲ. ವಾರಕ್ಕೊಮ್ಮೆ ಬೋಳಿಸಿಕೊಳ್ಳುವವರಿದ್ದಾರೆ, ಅವರ ಕೂದಲು ಒಂದೂ ಹೆಚ್ಚಾಗಿಲ್ಲ.

ನಿಮಗೆ ದಟ್ಟ ಅನ್ನಿಸುವುದು ಯಾಕೆ ಅಂದರೆ, ಹುಟ್ಟುಕೂದಲಿನ ತುದಿ ಸೂಜಿಯ ಹಾಗೆ ಚೂಪು. ಬ್ಲೇಡು ಬಿದ್ದ ಮೇಲೆ ತುದಿ ಮೊಂಡಾಗುತ್ತದೆ. ಕೈಗೆ ಒರಟು, ಕಣ್ಣಿಗೆ ಕಪ್ಪು. ಬುಡ ಚರ್ಮದ ಒಳಗಿದೆ, ಬ್ಲೇಡು ಅಲ್ಲಿಗೆ ಮುಟ್ಟುವುದೇ ಇಲ್ಲ.

ಜೀವಶಾಸ್ತ್ರ ಮೇಷ್ಟ್ರು

ಕತ್ತರಿಯವರು ಹೇಳಿದ್ದು ನೂರಕ್ಕೆ ನೂರು ಸರಿ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಕ್ಷೌರ ಮಾಡಿಕೊಂಡ ಗಂಡಸರ ಗಡ್ಡದ ಕೂದಲನ್ನು ಅಳೆದು ನೋಡಿದರು. ದಪ್ಪವೂ ಹೆಚ್ಚಲಿಲ್ಲ, ಬೆಳೆಯುವ ವೇಗವೂ ಹೆಚ್ಚಲಿಲ್ಲ.

ಬುಡದ ಲೆಕ್ಕವೂ ಕೇಳಿ. ತಾಯಿಯ ಹೊಟ್ಟೆಯಲ್ಲಿ ಸುಮಾರು 22 ವಾರ ಆಗುವಷ್ಟರಲ್ಲಿ ಕೂದಲಿನ ಎಲ್ಲ ಬುಡಗಳೂ ತಯಾರಾಗಿರುತ್ತವೆ. ಮೈಯೆಲ್ಲಾ ಸೇರಿ ಸುಮಾರು 50 ಲಕ್ಷ, ತಲೆಯಲ್ಲಿ ಸುಮಾರು ಒಂದು ಲಕ್ಷ. ಹುಟ್ಟಿದ ಮೇಲೆ ಹೊಸ ಬುಡ ಸೇರುವುದಿಲ್ಲ. ತಲೆ ದೊಡ್ಡದಾದಂತೆ ಅವೇ ಬುಡಗಳು ದೂರ ದೂರ ಆಗುತ್ತವೆ. ಆದರೆ ಒಂದೊಂದು ಬುಡವೂ ಮಗು ಬೆಳೆದಂತೆ ಮೊದಲಿಗಿಂತ ದಪ್ಪ ಕೂದಲು ಕೊಡುತ್ತದೆ, ಅದಕ್ಕೆ ತಲೆ ತುಂಬಿದ ಹಾಗೆ ಕಾಣುತ್ತದೆ. ಅಜ್ಜಿಯ ನಾಲ್ಕು ಮಕ್ಕಳಿಗೂ ಬೋಳಿಸದೇ ಇದ್ದಿದ್ದರೂ ಅದೇ ಕೂದಲು ಬರುತ್ತಿತ್ತು.

ಮೊಮ್ಮಕ್ಕಳ ಅಜ್ಜಿ

ಇರಬಹುದಪ್ಪ. ಬೋಳಿಸದೆ ಬಿಟ್ಟ ಮಗು ನಮ್ಮ ಮನೆಯಲ್ಲಿ ಇಲ್ಲ, ಹೋಲಿಸಿ ನೋಡಿಲ್ಲ ನಾನು.

ಹೊಸ ಅಪ್ಪ

ನನ್ನ ಮಗನಿಗೆ ನೆತ್ತಿಯಲ್ಲಿ ಎರಡು ಸುಳಿ ಇದೆ. ಎರಡು ಸುಳಿ ಇದ್ದರೆ ನೆತ್ತಿ ಬೇಗ ಬೋಳಾಗುತ್ತದೆ ಅಂತ ಒಬ್ಬರು ಹೇಳಿದರು. ಒಂದು ಬಲಕ್ಕೆ ತಿರುಗಿದೆ, ಒಂದು ಎಡಕ್ಕೆ.

ಕತ್ತರಿ ಬಾಚಣಿಗೆ

ಸುಳ್ಳು. ಎರಡು ಸುಳಿಯ ಮುದುಕರಿಗೂ ಕತ್ತರಿಸಿದ್ದೇನೆ, ದಟ್ಟ ಕೂದಲು. ಸುಳಿಯ ನಡುವೆ ಕೂದಲು ನಾಲ್ಕೂ ಕಡೆಗೆ ಬಾಗುತ್ತದೆ, ಒಳಗಿನ ಚರ್ಮ ಕಾಣುತ್ತದೆ. ನೋಡಿದವರು ಬೋಳು ಶುರುವಾಯಿತು ಅನ್ನುತ್ತಾರೆ. ಹುಡುಗರು ಬೆನ್ನ ಹಿಂದಿನಿಂದ ತಲೆಯ ಫೋಟೋ ತೆಗೆದು ತಂದು ನನಗೆ ತೋರಿಸುತ್ತಾರೆ, "ಅಣ್ಣಾ ಹೋಯ್ತಾ ಇದು" ಅಂತ. ಎಂಟನೇ ಕ್ಲಾಸಿನಿಂದ ಇದ್ದ ಸುಳಿಯೇ ಅದು ಅಂತ ನಾನು ನೆನಪಿಸಬೇಕು.

ಗಂಡಸರಿಗೆ ನೆತ್ತಿಯ ಬೋಳು ಹೆಚ್ಚಾಗಿ ಸುಳಿಯ ಆಸುಪಾಸಿನಲ್ಲೇ ಶುರುವಾಗುವುದು ನಿಜ. ಆದರೆ ಸುಳಿ ಒಂದಿದ್ದವರಿಗೂ ಹಾಗೇ ಆಗುತ್ತದೆ.

ಜೀವಶಾಸ್ತ್ರ ಮೇಷ್ಟ್ರು

ಹೆಚ್ಚಿನವರಿಗೆ ಒಂದೇ ಸುಳಿ, ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿರುತ್ತದೆ. ನೂರರಲ್ಲಿ ಸುಮಾರು ಐದು ಜನಕ್ಕೆ ಎರಡು. ಕೂದಲು ಚರ್ಮದಿಂದ ಯಾವ ಓರೆಯಲ್ಲಿ ಹೊರಡಬೇಕು ಎಂಬುದು ಹೊಟ್ಟೆಯಲ್ಲೇ ತೀರ್ಮಾನ ಆಗುತ್ತದೆ. ಸುಳಿ ಅಂದರೆ ಅಷ್ಟೇ.

ಅವಳಿ ಅಪ್ಪ

ಮೇಷ್ಟ್ರೇ, ಒಂದು ಸಂಶಯ. ಕೂಸಿಗೆ ಹಿಂದಲೆ ಹೋಗುತ್ತದೆ. ದೊಡ್ಡ ಗಂಡಸರಿಗೆ ಹಿಂದಲೆ ಬಿಟ್ಟು ಬೇರೆಲ್ಲ ಹೋಗುತ್ತದೆ. ಇದು ಪೂರ್ತಿ ಉಲ್ಟಾ ಅಲ್ವಾ?

ಜೀವಶಾಸ್ತ್ರ ಮೇಷ್ಟ್ರು

ಎಷ್ಟು ಚೆನ್ನಾಗಿ ಹಿಡಿದಿರಿ! ಈ ಚರ್ಚೆಯ ಗಂಟು ಇದೇ.

ಕೂಸಿಗೆ ಆಗುವುದು ಸರದಿಯ ಮಾತು. ಬುಡ ಗಟ್ಟಿಯಾಗಿದೆ, ವಿಶ್ರಾಂತಿಗೆ ಹೋಗಿದೆ, ತಿರುಗಿ ಬರುತ್ತದೆ. ದೊಡ್ಡವರಿಗೆ ಆಗುವುದು ಹಾರ್ಮೋನಿನ ಮಾತು. ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನು ಮೈಯಲ್ಲಿ ಡಿಹೆಚ್‌ಟಿ ಎಂಬ ಇನ್ನೂ ಬಲವಾದ ರೂಪಕ್ಕೆ ತಿರುಗುತ್ತದೆ. ಮುಂದಲೆ, ನೆತ್ತಿಯ ಬುಡಗಳು ಅದಕ್ಕೆ ಸೋಲುತ್ತವೆ. ಒಂದೊಂದು ಸರದಿಗೂ ಬುಡ ಚಿಕ್ಕದಾಗುತ್ತಾ, ಕೂದಲು ತೆಳುವಾಗುತ್ತಾ, ಕೊನೆಗೆ ಕೂಸಿನ ನವಿರಿನಷ್ಟಾಗುತ್ತದೆ. ಹಿಂದಲೆಯ ಬುಡಗಳು ಅದಕ್ಕೆ ಜಗ್ಗುವುದಿಲ್ಲ.

1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬುವರು ಇದನ್ನು ತೋರಿಸಿದರು. ಹರೆಯಕ್ಕೆ ಮುಂಚೆಯೇ ಬೀಜ ತೆಗೆಸಿಕೊಂಡವರು ಬೋಳಾಗುತ್ತಿರಲಿಲ್ಲ. ಅವರಿಗೆ ಟೆಸ್ಟೋಸ್ಟಿರೋನ್ ಕೊಟ್ಟಾಗ, ಮನೆತನದಲ್ಲಿ ಬೋಳು ಇದ್ದವರಿಗೆ ಕೂದಲು ಉದುರತೊಡಗಿತು. ಅಂದರೆ ಹುಟ್ಟಿನಿಂದ ಬಂದ ಗುಣ ಒಳಗೆ ಸುಮ್ನೆ ಕೂತಿರುತ್ತದೆ, ಹರೆಯದ ಹಾರ್ಮೋನು ಬರುವವರೆಗೆ ಅದಕ್ಕೆ ಕೆಲಸವೇ ಇಲ್ಲ. ಮೂರು ತಿಂಗಳ ಮಗುವಿನ ಹಣೆಯಲ್ಲಿ ಅದು ಹೇಗೆ ಕಾಣಿಸೀತು?

1959ರಲ್ಲಿ ನಾರ್ಮನ್ ಓರೆಂಟ್ರೈಕ್ ಎಂಬ ಚರ್ಮದ ಡಾಕ್ಟರ್ ಹಿಂದಲೆಯ ಕೂದಲನ್ನು ಬುಡಸಮೇತ ಬೋಳು ಮುಂದಲೆಗೆ ನೆಟ್ಟರೂ ಅದು ಹಿಂದಲೆಯ ಗುಣವನ್ನೇ ಇಟ್ಟುಕೊಂಡು ಬೆಳೆಯುತ್ತದೆ ಎಂದು ಪ್ರಕಟಿಸಿದರು. ಇವತ್ತಿನ ಕೂದಲು ಕಸಿ ನಿಂತಿರುವುದೇ ಅದರ ಮೇಲೆ. ಪುಟ್ಟನ ಹಿಂದಲೆಯಲ್ಲಿ ಈಗ ನುಣ್ಣಗಿರುವ ಆ ಪಟ್ಟಿ ಇದೆಯಲ್ಲ, ತಲೆಯಲ್ಲಿ ಎಲ್ಲಕ್ಕಿಂತ ಬಾಳಿಕೆ ಬರುವ ಕೂದಲು ಬೆಳೆಯುವ ಜಾಗವೇ ಅದು.

ಮುಂದಲೆ_26

ನನ್ನ ತಲೆಗೆ ಕಸಿ ಮಾಡಿಸಲು ಅಲ್ಲಿಂದಲೇ ತೆಗೆಯುತ್ತೇವೆ ಅಂದಿದ್ದರು. ಈಗ ಅರ್ಥ ಆಯಿತು.

ಕತ್ತರಿ ಬಾಚಣಿಗೆ

ದೊಡ್ಡ ಹುಡುಗರ ತಂದೆ ತಾಯಿಯರಿಗೂ ಒಂದು ಮಾತು. 17, 18ರ ಹೊತ್ತಿಗೆ ಹುಡುಗರ ಹಣೆಯ ಅಂಚು ಒಂದು ಬೆರಳಿನಷ್ಟು ಮೇಲೆ ಹೋಗುತ್ತದೆ, ಪಕ್ಕದಲ್ಲಿ ಸ್ವಲ್ಪ ಜಾಸ್ತಿ. ಮಕ್ಕಳ ಹಣೆ ಹೋಗಿ ಗಂಡಸಿನ ಹಣೆ ಬರುವುದು ಅದು. ಅದನ್ನೇ ಬೋಳು ಎಂದು ಹೆದರಿ ಏನೇನೋ ಹಚ್ಚಿಕೊಳ್ಳುತ್ತಾರೆ. ಕೂದಲು ತೆಳುವಾಗುತ್ತಾ ಹೋದರೆ ಮಾತ್ರ ಗಮನಿಸಿ.

ಪುಟ್ಟನ ಅಮ್ಮ

ಎಲ್ಲರ ಮಾತನ್ನೂ ನಮ್ಮವರಿಗೆ ಓದಿ ಹೇಳಿದೆ. ಹಿಂದಲೆಯ ವಿಷಯ ಬಂದಾಗ ಎರಡು ಸಲ ಓದಿಸಿಕೊಂಡರು.

ಕೇಳಲೋ ಬೇಡವೋ ಅಂತ ಇದ್ದೆ. ನನ್ನ ಕೂದಲೂ ಉದುರುತ್ತಿದೆ. ಬಾಚಿದರೆ ಮುಷ್ಟಿ ತುಂಬ ಬರುತ್ತದೆ. ಸ್ನಾನದ ಮನೆ ಜಾಲರಿ ಕಟ್ಟಿಕೊಂಡಿತ್ತು ಮೊನ್ನೆ.

ಇಬ್ಬರು ಹೆಣ್ಮಕ್ಕಳ ತಾಯಿ

ನನಗೂ ಆಗಿತ್ತು, ಎರಡೂ ಸಲ. ಕನ್ನಡಿ ಮುಂದೆ ನಿಂತು ಅತ್ತಿದ್ದೇನೆ. ವರ್ಷದೊಳಗೆ ಎಲ್ಲಾ ವಾಪಸ್ ಬಂತು. ಹಣೆ ಮೇಲೆ ಮೊದಲು ಸಣ್ಣ ಸಣ್ಣ ಕೂದಲು ಎದ್ದು ನಿಲ್ಲುತ್ತದೆ, ನೋಡಿ ಬೇಕಾದರೆ.

ವಾರ್ಡ್ ಸಿಸ್ಟರ್

ಬಸುರಿಯಾಗಿದ್ದಾಗ ಈಸ್ಟ್ರೋಜನ್ ಹೆಚ್ಚಿರುತ್ತದೆ, ಉದುರಬೇಕಾದ ಕೂದಲು ಉದುರದೆ ಉಳಿದುಕೊಳ್ಳುತ್ತದೆ. ಆಗ ಎಲ್ಲರೂ ಕೂದಲು ಎಷ್ಟು ಚೆನ್ನಾಗಿದೆ ಅನ್ನುತ್ತಾರೆ. ಹೆರಿಗೆಯಾದ ಮೇಲೆ ಹಾರ್ಮೋನು ಇಳಿಯುತ್ತದೆ, ತಡೆದಿಟ್ಟ ಕೂದಲೆಲ್ಲ ಒಟ್ಟಿಗೆ ನಿಲ್ಲುತ್ತದೆ, ಸುಮಾರು ಮೂರು ತಿಂಗಳಿಗೆ ಬೀಳಲು ಶುರು. ನಿಮ್ಮದೂ ಮಗುವಿನದೂ ಒಂದೇ ತಿಂಗಳಲ್ಲಿ ಉದುರುತ್ತಿರುವುದು ಅದಕ್ಕೇ. ಇಬ್ಬರ ಲೆಕ್ಕವೂ ಹೆರಿಗೆಯ ದಿನದಿಂದಲೇ ಶುರುವಾಗಿದ್ದು.

ಒಂದು ವರ್ಷ ದಾಟಿಯೂ ನಿಲ್ಲದಿದ್ದರೆ ಅಥವಾ ತುಂಬ ಸುಸ್ತಿದ್ದರೆ ಥೈರಾಯ್ಡ್, ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ.

ಕಣತಲೆ ಮಚ್ಚೆ

ಎಲ್ಲವೂ ತಾನಾಗಿ ಬರುತ್ತದೆ ಅಂತ ಮಾತ್ರ ಹೇಳಬೇಡಿ. ನಮಗೆ ಹಾಗೆ ಹೇಳಿ ಮೂರು ವರ್ಷ ಕಾಯಿಸಿದರು.

ನನ್ನ ಮಗಳ ಎಡ ಕಣತಲೆಯಲ್ಲಿ ಈಟಿಯ ತುದಿಯಂಥ ಒಂದು ಜಾಗ, ಕೂದಲಿಲ್ಲ. ಹತ್ತಿರದಿಂದ ನೋಡಿದರೆ ತೀರಾ ತೆಳು ನವಿರು ಇತ್ತು, ಚರ್ಮ ನಯವಾಗಿತ್ತು, ಕೆರೆತ ಇಲ್ಲ, ಕೆಂಪಿಲ್ಲ. ಅದಕ್ಕೆ ಇದು ಅದು ಎಂದು ಮುಲಾಮು ಹಚ್ಚಿಸಿದರು. ಕೊನೆಗೆ ಒಬ್ಬ ಚರ್ಮದ ಡಾಕ್ಟರ್ ಒಂದೇ ನೋಟಕ್ಕೆ ಹೇಳಿದರು. ಇದು ಹುಟ್ಟಿನಿಂದ ಬರುವ ಅಥವಾ ಮೊದಲ ಕೆಲವು ವರ್ಷದಲ್ಲಿ ಕಣ್ಣಿಗೆ ಬೀಳುವ ತ್ರಿಕೋನದ ಬೋಳು, ಹೆಚ್ಚಾಗದು, ಹೋಗದು, ತೊಂದರೆ ಇಲ್ಲ. ಈಗ ಪಕ್ಕದ ಕೂದಲು ಅದರ ಮೇಲೆ ಬಾಚುತ್ತೇವೆ. ಹೆಸರು ಗೊತ್ತಾದ ದಿನ ನನಗೆ ನಿದ್ದೆ ಬಂತು.

ವಾರ್ಡ್ ಸಿಸ್ಟರ್

ನೀವು ಬರೆದದ್ದು ಒಳ್ಳೆಯದಾಯಿತು. ಹೌದು, ಕೆಲವನ್ನು ತೋರಿಸಲೇಬೇಕು. ಹುಟ್ಟಿದಾಗಿನಿಂದ ಒಂದೇ ಜಾಗದಲ್ಲಿ ಕೂದಲಿಲ್ಲದೆ, ಚರ್ಮ ಹಳದಿಯಾಗಿ ಸ್ವಲ್ಪ ಉಬ್ಬಿದ್ದರೆ ಅದು ಒಂದು ಬಗೆಯ ಮಚ್ಚೆ. ಹುಟ್ಟುವಾಗಲೇ ಗಾಯದ ಹಾಗೆ ಚರ್ಮ ಇಲ್ಲದ ಜಾಗ ಇರಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ ಪೊರೆ ಎದ್ದು, ಕೂದಲು ತುಂಡಾಗಿ, ಕೆರೆತ ಇದ್ದರೆ ಹುಳುಕಡ್ಡಿ ಇರಬಹುದು, ಅದಕ್ಕೆ ಬಾಯಿಂದ ಕೊಡುವ ಔಷಧ ಬೇಕು. ಬರೀ ಹಳದಿ ಹಕ್ಕಳೆಯಾದರೆ ಹೆದರಬೇಡಿ, ಎಷ್ಟೋ ಕೂಸುಗಳಿಗೆ ಬರುತ್ತದೆ. ಉಗುರಿನಿಂದ ಕೀಳಬೇಡಿ, ಮೆದು ಮಾಡಿ ಮೆಲ್ಲಗೆ ತೊಳೆಯಿರಿ.

ಪುಟ್ಟನ ಪಟ್ಟಿ ಇವು ಯಾವುದೂ ಅಲ್ಲ. ನುಣುಪು, ಕೆಂಪಿಲ್ಲ, ಹುಟ್ಟಿದಾಗ ಕೂದಲಿತ್ತು, ಮೂರನೇ ತಿಂಗಳಿಗೆ ಹೋಯಿತು.

ಸೋದರಮಾವ

ಮೇಷ್ಟ್ರೇ, ನಮ್ಮ ತಂದೆಯವರ ಹಳೇ ಫೋಟೋ ತೆಗೆದು ನೋಡಿದೆ. 40ಕ್ಕೇ ಹೋಗಿದೆ. ಇಷ್ಟು ವರ್ಷ ಅಜ್ಜನನ್ನೇ ಅಂದುಕೊಂಡಿದ್ದೆ. ನಿಮ್ಮ ಮಾತು ಒಪ್ಪಿದೆ.

ಪುಟ್ಟನ ಅಮ್ಮ

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕೆಲವರು ಕೇಳಿದ್ದಿರಿ. ಪುಟ್ಟನಿಗೆ ಈಗ ಏಳು ತಿಂಗಳು. ಪಟ್ಟಿಯ ಜಾಗದಲ್ಲಿ ಹೊಸ ಕೂದಲು ಬಂದಿದೆ. ಅಕ್ಕಪಕ್ಕದ್ದಕ್ಕಿಂತ ಗಿಡ್ಡ, ಆದರೆ ಕಪ್ಪು. ಬೆರಳಿನಿಂದ ಮೇಲಕ್ಕೆ ಸವರಿದರೆ ವೆಲ್ವೆಟ್ ಬಟ್ಟೆ ತಿರುಗಾ ಸವರಿದ ಹಾಗೆ ತಾಗುತ್ತದೆ. ಹಣೆಯ ಪಕ್ಕದಲ್ಲೂ ತುಂಬಿದೆ, ನಡುವಿನ ಕುಚ್ಚು ಈಗ ಬೇರೆಯಾಗಿ ಕಾಣುವುದಿಲ್ಲ.

ನಮ್ಮವರು ಔಷಧ ಬಿಟ್ಟಿಲ್ಲ. ಮಗು ಮಲಗಿದ ಮೇಲೆ ಹಚ್ಚಿಕೊಂಡು, ಕೈ ತೊಳೆದು, ಬೇರೆ ದಿಂಬಿನ ಮೇಲೆ ಮಲಗುತ್ತಾರೆ. ಬೆಳಿಗ್ಗೆ ತಲೆ ತೊಳೆದ ಮೇಲೇ ಎತ್ತಿಕೊಳ್ಳುವುದು.

ಮುಂದಲೆ_26 ಅವರ ಮಾತು ಓದಿ ನಮ್ಮತ್ತೆಯ ಟ್ರಂಕಿನಿಂದ ನಮ್ಮವರು ಮಗುವಾಗಿದ್ದಾಗಿನ ಫೋಟೋ ಹುಡುಕಿಸಿದೆ. ಒಂದು ವರ್ಷದ್ದು. ಹುಬ್ಬಿನವರೆಗೆ ಕೂದಲು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇವನಿಗೆ ಇಷ್ಟೊಂದು ಇತ್ತಾ, ಮರೆತೇ ಹೋಗಿತ್ತು" ಅಂದರು. ಅವತ್ತಿನಿಂದ ಪುಟ್ಟನ ತಲೆಯ ಮಾತು ಎತ್ತಿಲ್ಲ.

ರಾತ್ರಿ ಪಾಳಿ

ನನ್ನ ಮಗಳಿಗೆ ಎರಡೂವರೆ ತಿಂಗಳು. ಇವತ್ತು ಬೆಳಿಗ್ಗೆ ಹಿಂದಲೆಯಲ್ಲಿ ಇದೇ ಪಟ್ಟಿ ನೋಡಿ ಹುಡುಕುತ್ತಾ ಇಲ್ಲಿಗೆ ಬಂದೆ. ಎಷ್ಟು ದಿನಕ್ಕೆ ನಿಮಗೆ ಹೊಸದು ಕಾಣಿಸಿತು?

ಪುಟ್ಟನ ಅಮ್ಮ

ಐದನೇ ತಿಂಗಳ ಕೊನೆಗೆ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಎದುರಿನಿಂದ ನೋಡಿದರೆ ಮೊದಲು ಕಾಣುವುದಿಲ್ಲ.